ಕೊನೆಯ ರೀಲಿಗೆ ಮುಂಚೆ

ಸಂಜೆ ಬೀದಿಯ ಡೇರಿಯಲ್ಲಿ ಹಾಲಿನ ಕ್ಯಾನುಗಳ ಸದ್ದಾದರೆ ಸಾಕು, ಹೊಸಕೋಟೆಯ ಈ ಮನೆಯಲ್ಲೂ, ನೋಡುತ್ತಿರುವ ಸಿನಿಮಾ ಬಿಟ್ಟು ಏಳಬೇಕೆನಿಸುತ್ತದೆ. ನಗಬೇಡಿ, ಇದು ಚಿಕ್ಕಮ್ಮ ಹಚ್ಚಿದ ಅಭ್ಯಾಸ.

ಲಾರಿ ಓಡಿಸಿಕೊಂಡು ಹೋದ ಚಿಕ್ಕಪ್ಪ ತಿರುಗಿ ಬರಲಿಲ್ಲ, ಸುದ್ದಿಯೂ ಇರಲಿಲ್ಲ. ಚಿಕ್ಕಮ್ಮ ನಮ್ಮೊಂದಿಗೇ ಉಳಿದಳು. ದಿನಾ ಸಂಜೆ ಹಾಲು ಕರೆದ ಮೇಲೆ ಒಂದು ಲೋಟ ಅವನಿಗೆಂದು ಗೋಡೆಯ ಗೂಡಿನಲ್ಲಿಡುತ್ತಿದ್ದಳು. ಬೆಳಿಗ್ಗೆ ಅದಕ್ಕೇ ಹೆಪ್ಪು ಹಾಕುತ್ತಿದ್ದಳು.

ನಂದಗುಡಿಯ ಸಿನಿಮಾ ಟೆಂಟಿಗೆ ಮ್ಯಾಟಿನಿಗೆ ಹೋಗುತ್ತಿದ್ದವರು ನಾವಿಬ್ಬರೇ. ನಮ್ಮ ಹಸು ಅವಳ ಕೈಗಲ್ಲದೆ ಹಾಲು ಕೊಡದು. ಡೇರಿ ಮುಚ್ಚುವುದರೊಳಗೆ ಹಾಲು ಹಾಕಬೇಕು. ಹಾಗಾಗಿ ಯಾವ ಸಿನಿಮಾದ ಕೊನೆಯನ್ನೂ ನಾವು ಕಂಡವರಲ್ಲ. ವಿಧಿ ದೊಡ್ಡದೋ ಮನುಷ್ಯನ ಇಚ್ಛೆ ದೊಡ್ಡದೋ ಎಂಬುದನ್ನೆಲ್ಲ ರಾಗಿ ಹೊಲದ ಬದುವಿನ ಮೇಲೆ ನಡೆಯುತ್ತಲೇ ತೀರ್ಮಾನಿಸುತ್ತಿದ್ದೆವು. ಹೀರೋ ಸಾಯುತ್ತಾನೆಂದು ನಾನು ಹಟ ಹಿಡಿದರೆ ಅವಳು ಹೇಳುವಳು: “ನಾವು ಎದ್ದು ಬಂದಾಗ ಬದುಕಿದ್ನಲ್ಲ? ಬದುಕೇ ಇರ್ತಾನೆ ಬಿಡೋ.”

ಮುಂದೆ ನಾನು ಪಿಯುಸಿಯಲ್ಲಿ ತರ್ಕಶಾಸ್ತ್ರ ತೆಗೆದುಕೊಂಡೆ. ನಾಲ್ಕು ಪಾಠಕ್ಕೇ ಎಲ್ಲ ತಿಳಿದವನ ಹಾಗೆ ಆಡತೊಡಗಿದೆ. ಕಣ್ಣು ಮುಚ್ಚಿಕೊಂಡರೆ ಸತ್ಯ ಬದಲಾಗುತ್ತದೆಯೇ? ಆಗ ಒಂದು ಸಿನಿಮಾ ಬಂತು. ಸೈನಿಕನ ಹೆಂಡತಿ ಅವನ ಕಾಗದಗಳನ್ನು ಓದುತ್ತ ಕಾಯುತ್ತಾಳೆ. ಎಂದಿನಂತೆ ನಡುವೆ ಎದ್ದು ಬಂದೆವು. ಮಾರನೆಯ ದಿನ ನಾನೊಬ್ಬನೇ ಹೋಗಿ ಪೂರ್ತಿ ನೋಡಿದೆ. ಅದರ ಮರುಸಂಜೆ, ಅವಳು ಹಾಲು ಕರೆಯುವಾಗ, ಗೆದ್ದವನ ಹಾಗೆ ಕೊಟ್ಟಿಗೆಗೆ ಬಂದು ನಿಂತೆ.

“ಚಿಕ್ಕಮ್ಮ, ಅವ್ನು ಯಾವಾಗ್ಲೋ ಸತ್ತೋಗಿದ್ದ ಕಣೆ. ಕಾಗ್ದ ಎಲ್ಲಾ ಅವನ ಸ್ನೇಹಿತ ಬರೀತಿದ್ದ.”

ಕರೆಯುತ್ತಿದ್ದ ಕೈ ನಿಂತಿತು. ಹಸು ತಿರುಗಿ ನೋಡಿತು.

“ಅವ್ಳಿಗೆ ಯಾರು ಹೇಳಿದ್ರು?” ಎಂದಳು.

“ಯಾರೋ ಹೇಳ್ತಾರೆ. ನಿಜ ಗೊತ್ತಾಗ್ಬೇಕಲ್ವಾ?”

ಅವಳು ತಿರುಗಿ ಹಾಲು ಕರೆಯತೊಡಗಿದಳು. ಆ ಸಂಜೆ ಲೋಟಕ್ಕೆ ಹಾಲು ಬಗ್ಗಿಸಲಿಲ್ಲ, ಅಷ್ಟನ್ನೂ ಡೇರಿಯ ಕ್ಯಾನಿಗೆ ಸುರಿದಳು. ಮತ್ತೆ ಟೆಂಟಿಗೂ ಬರಲಿಲ್ಲ. ನಾನು ಹೇಳಿದ್ದು ಸಿನಿಮಾದ ಕಥೆ ಎಂದು ಎಷ್ಟೋ ವರ್ಷ ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ. ಅದು ಸುಳ್ಳು. ಯಾರ ಕಥೆ ಹೇಳುತ್ತಿದ್ದೇನೆಂದು ನನಗೆ ಗೊತ್ತಿತ್ತು.

ಚಿಕ್ಕಮ್ಮ ಹೋದ ತಿಂಗಳು ತೀರಿಕೊಂಡಳು. ಚಿಕ್ಕಪ್ಪನ ಸುದ್ದಿ ಇವತ್ತಿಗೂ ಇಲ್ಲ.

ಈಗ ನನ್ನ ಹೆಂಡತಿ ಮೊಬೈಲಿನಲ್ಲಿ ಅದೇ ಸಿನಿಮಾ ನೋಡುತ್ತಿದ್ದಾಳೆ. ಹೊರಗೆ ಕ್ಯಾನುಗಳ ಸದ್ದು. ನಾನು ಹಾಲು ತರಲು ಪಾತ್ರೆ ಹಿಡಿದು ಎದ್ದೆ.

“ರೀ, ನೀವು ನೋಡಿದ್ದೀರಲ್ವಾ? ಕೊನೇಲಿ ಅವ್ನು ಬರ್ತಾನಾ?”

“ಗೊತ್ತಿಲ್ಲ ಕಣೆ,” ಎಂದೆ. “ಹಾಲು ಕರೆಯೋ ಹೊತ್ತಾಗಿತ್ತು. ನಾವು ಎದ್ದು ಬಂದ್ಬಿಟ್ವಿ.”