ವಾಪಸ್ ಬಂದ ಫ್ಲೈವೀಲು

ಹೊಸಪೇಟೆಯಲ್ಲಿ ನನ್ನ ಗ್ಯಾರೇಜಿಗೂ ಪಕ್ಕೀರಪ್ಪ ಮಾಮನ ಲೇತ್ ಅಂಗಡಿಗೂ ನಡುವೆ ಇರುವುದು ಒಂದೇ ಗೋಡೆ. ಮಾಮನ ಬೈಗುಳ ತಡೆಯಲು ಆ ಗೋಡೆ ಏನೇನೂ ಸಾಲದು. ಅರವತ್ತು ದಾಟಿದ ಮನುಷ್ಯ, ಕಡ್ಡಿಯಂತೆ ಮೈ, ಸಿಟ್ಟು ಮಾತ್ರ ಲಾರಿಗೆ ಲೋಡ್ ಮಾಡುವಷ್ಟು.

ಆದರೆ ಫ್ಲೈವೀಲಿನ ಕೆಲಸಕ್ಕೆ ಅವನನ್ನು ಬಿಟ್ಟರೆ ಗತಿಯಿಲ್ಲ. ಎಂಜಿನ್ ಬಿಚ್ಚಿ ಕಟ್ಟುವಾಗ ಈ ಬೀಡುಕಬ್ಬಿಣದ ಚಕ್ರದ ಮುಖ ನೋಡಲೇಬೇಕು. ಕ್ಲಚ್ ಪ್ಲೇಟು ಆ ಮುಖವನ್ನು ಕಚ್ಚಿ ಹಿಡಿದರೇ ಗಾಡಿ ಮುಂದೆ ಹೋಗುವುದು. ಪ್ಲೇಟು ಸವೆದರೆ ಚಕ್ರದ ತುಂಬ ಗೀರು ಬೀಳುತ್ತದೆ, ಕಾದು ನೀಲಿ ಕಲೆ ಏಳುತ್ತದೆ. ಆಗ ಅದನ್ನು ಲೇತಿಗೆ ಕಟ್ಟಿ ತೆಳ್ಳಗೆ ಹೆರೆದು ಸಮ ಮಾಡಬೇಕು. ಗಡ್ಡ ಹೆರೆಯಬೇಕು, ಕೆನ್ನೆಯನ್ನಲ್ಲ ಎಂದು ಮಾಮ ಹೇಳುತ್ತಿದ್ದ. ಹೆರೆದಾದ ಮೇಲೆ ಪೆಟ್ರೋಲಿನಲ್ಲಿ ಒರೆಸಿ, ಹಳೇ ಧೋತರದಲ್ಲಿ ಸುತ್ತಿ, ಅಂಗಡಿಯ ಹಿಂದಿರುವ ಮನೆಯ ಪಡಸಾಲೆಯಲ್ಲಿ ಮಕಾಡೆ ಮಲಗಿಸಿ ಇಡುತ್ತಿದ್ದ. ಗಿರಾಕಿ ಬಂದಾಗ ಗಂಟಿನ ಸಮೇತ ಕೊಡುತ್ತಿದ್ದ.

ಅವನ ಕಾನೂನು ಒಂದೇ. ಆ ಮುಖವನ್ನು ಆಮೇಲೆ ಯಾರೂ ಮುಟ್ಟಕೂಡದು, ಒರೆಸಲೂ ಕೂಡದು. ಗಂಟು ಬಿಚ್ಚಿ ನೇರ ಎಂಜಿನ್ನಿಗೆ ಕಟ್ಟಬೇಕು. ಸಂಡೂರಿನಿಂದ ಕಂಪ್ಲಿಯವರೆಗಿನ ಮೆಕ್ಯಾನಿಕ್ಕುಗಳೆಲ್ಲ ಹಾಗೇ ಕಟ್ಟುತ್ತಿದ್ದೆವು. ಚಕ್ರದ ಬೆನ್ನ ಮೇಲೆ ಯಾವಾಗಲೂ ಒಂದಿಷ್ಟು ಕುಂಕುಮ ಇರುತ್ತಿತ್ತು. ಬಾಯಿ ಬಿಟ್ಟರೆ ಬೈಯುವ ಮನುಷ್ಯನಿಗೆ ಒಳಗೊಳಗೇ ಇಷ್ಟು ಭಕ್ತಿಯೇ ಎಂದು ನಾವು ಬೆರಗಾಗುತ್ತಿದ್ದೆವು. ಕೇಳುವ ಧೈರ್ಯ ಯಾರಿಗಿತ್ತು? ಮೂವತ್ತು ವರ್ಷದಲ್ಲಿ ಅವನ ಒಂದು ಪೀಸೂ ವಾಪಸ್ ಬಂದಿರಲಿಲ್ಲ. ಬಂದ ದಿನ ಲೇತಿನ ಬೆಲ್ಟ್ ಬಿಚ್ಚಿ ಮೊಳೆಗೆ ಹಾಕುತ್ತೇನೆ, ಮತ್ತೆ ಆ ಕಡೆ ತಲೆ ಹಾಕಿ ಮಲಗುವುದಿಲ್ಲ ಎಂದು ಚಹದ ಅಂಗಡಿಯಲ್ಲಿ ವಾರಕ್ಕೊಮ್ಮೆಯಾದರೂ ಸಾರುತ್ತಿದ್ದ.

ಬಂತು. ಕಂಪ್ಲಿಯ ರೈಸ್‌ಮಿಲ್ ಜಡೆಪ್ಪನ ಹಳೇ ಅಂಬಾಸಿಡರ್. ಎಂಜಿನ್ ಕಟ್ಟಿದವನು ನಾನು, ಫ್ಲೈವೀಲು ಹೆರೆದವನು ಮಾಮ. ಮೂರನೇ ದಿನ ಜಡೆಪ್ಪ ಹೆಂಡತಿ ಕೊಟ್ರಬಸಮ್ಮನನ್ನು ಕೂರಿಸಿಕೊಂಡು ಸಂಡೂರಿಗೆ ಹೊರಟ. ಏರಿನಲ್ಲಿ ಎಂಜಿನ್ ಕೂಗಿತೇ ಹೊರತು ಕಾರು ಮುಂದೆ ಹೋಗಲಿಲ್ಲ. ಹಿಂದೆ ಅದಿರಿನ ಲಾರಿಗಳ ಸಾಲು, ಎಲ್ಲರದ್ದೂ ಹಾರ್ನು. ಕೊಟ್ರಬಸಮ್ಮ ಇಳಿದು ನಡೆದೇ ಏರು ಹತ್ತಿ, ಮೇಲೆ ಮರದ ನೆರಳಿನಲ್ಲಿ ಕೂತು, ತಂದಿದ್ದ ಬುತ್ತಿ ಬಿಚ್ಚಿ ಉಂಡರೂ ಕಾರು ಬರಲಿಲ್ಲವಂತೆ. ಕೊನೆಗೆ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಗಂಡಹೆಂಡತಿ ನನ್ನ ಗ್ಯಾರೇಜಿಗೆ ಬಂದರು.

ಜಡೆಪ್ಪ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ಪಕ್ಕೀರಪ್ಪ, ನಿನ್ನ ಪೀಸು ವಾಪಸ್ ಬಂದೈತಿ ನೋಡಪ್ಪ" ಎಂದು ಪಕ್ಕದ ಅಂಗಡಿಯ ಬಾಗಿಲಲ್ಲಿ ಕೂತಿದ್ದ ಮಾಮನಿಗೆ ಹೇಳಿದ, ಅಷ್ಟೆ.

ಮಾಮ ಎದ್ದು ಒಳಗೆ ಹೋಗಿ ಲೇತಿನ ಬೆಲ್ಟ್ ಬಿಚ್ಚಿದ, ಮೊಳೆಗೆ ಹಾಕಿದ, ಸ್ಟೂಲಿನ ಮೇಲೆ ಕೂತ. ಒಂದೂ ಬೈಗುಳವಿಲ್ಲ. ಗೋಡೆಯ ಈಚೆ ನಾನು ಸ್ಪ್ಯಾನರ್ ಹುಡುಕುವ ನೆಪ ಮಾಡಿದೆ. ಯಾಕೆಂದರೆ ತಪ್ಪು ಎಲ್ಲಿದೆ ಎಂದು ನನಗೆ ಅನುಮಾನವಿತ್ತು, ಬಾಯಿ ಬಿಡಲು ಭಯವಿತ್ತು.

ಗೇರ್‌ಬಾಕ್ಸ್ ಇಳಿಸಿ ಕ್ಲಚ್ ಬಿಚ್ಚಿದೆ. ಫ್ಲೈವೀಲಿನ ಮುಖದ ಮೇಲೆ ಸುಟ್ಟ ಕುಂಕುಮ ಹಕ್ಕಳೆಗಟ್ಟಿತ್ತು, ಕೊಬ್ಬರಿ ಎಣ್ಣೆಯ ವಾಸನೆ. ಎಣ್ಣೆ ಬಿದ್ದ ಮುಖವನ್ನು ಯಾವ ಕ್ಲಚ್ಚೂ ಹಿಡಿಯುವುದಿಲ್ಲ. ಮಾಮನನ್ನು ಕರೆದು ತೋರಿಸಿ ಹೇಳಿಯೇಬಿಟ್ಟೆ.

"ಮಾಮ, ಕಟ್ಟೋವಾಗ ನಾ ಇದನ್ನ ನೋಡಿದ್ದೆ. ಒರಸ್ಲಿಲ್ಲ."

"ಯಾಕ ಒರಸ್ಲಿಲ್ಲ?"

"ಮುಖ ಮುಟ್ಟಬ್ಯಾಡ ಅಂತ ನೀವ ಹೇಳೀರಿ. ಅದರ ಮ್ಯಾಲೆ, ನೀವು ಹಚ್ಚಿದ ಕುಂಕುಮ ನಾ ಹೆಂಗ ಒರಸ್ಲಿ?"

ಕಾರು ಕೆಟ್ಟು ಮಾನ ಕಳೆದುಕೊಂಡಿದ್ದ ಜಡೆಪ್ಪನೇ ಅದೂ ಖರೆ, ಹಚ್ಚಿದ ಕುಂಕುಮ ಒರೆಸಬಾರದು ಎಂದು ತಲೆಯಾಡಿಸಿದ. ಕೊಟ್ರಬಸಮ್ಮನೂ ಒಪ್ಪಿದಳು. ಮಾಮ ಮಾತ್ರ, ಜನ್ಮದಲ್ಲಿ ತಾನು ಯಾವ ಚಕ್ರಕ್ಕೂ ಕುಂಕುಮ ಹಚ್ಚಿಲ್ಲ ಎಂದ. ಆಗ ಎಲ್ಲರೂ ಹಿಂದಿನ ಮನೆಯ ಕಡೆ ನೋಡಿದೆವು. ಮಾಮನ ಹೆಂಡತಿ ದುರುಗವ್ವ ಆಗಲೇ ಬಾಗಿಲಿಗೆ ಬಂದು ನಿಂತಿದ್ದಳು.

"ನಾನ ಹಚ್ಚಿದ್ದು" ಎಂದಳು. "ಮೂವತ್ತು ವರ್ಷದಿಂದ ಒಂದೂ ಬಿಟ್ಟಿಲ್ಲ. ನೀವು ನೋಡದಾಗ ಗಂಟು ಬಿಚ್ಚಿ, ಉದುರಬಾರದಂತ ಎಣ್ಯಾಗ ಕಲಸಿ ಹಚ್ಚಿ, ಮತ್ತ ಕಟ್ಟತೀನಿ. ದಿನಾ ಮಕಾಡೆ ಇಡ್ತಿದ್ರಿ, ಬೆನ್ನಿಗೆ ಬೀಳ್ತಿತ್ತು. ಈ ಸಲ ಅಂಗಾತ ಇಟ್ಟಿದ್ರಿ, ಮುಖಕ್ಕ ಹಚ್ಚಿ ಗಂಟು ಕಟ್ಟಿದೆ."

ಯಾಕೆ ಅಂಗಾತ ಇಟ್ಟಿದ್ದನೆಂದು ಮಾಮನಿಗೆ ನೆನಪಾಯಿತು, ಕಿವಿ ಕೆಂಪಾಯಿತು. ಚಕ್ರ ಒಯ್ಯಲು ಬಂದ ದಿನ ಕೊಟ್ರಬಸಮ್ಮ ಪಡಸಾಲೆಯಲ್ಲಿ ಕೂತು, ಅದರ ಹೊಳಪಿನಲ್ಲಿ ಮುಖ ನೋಡಿಕೊಂಡು ತನ್ನ ಬೊಟ್ಟು ಸರಿಮಾಡಿಕೊಂಡಿದ್ದಳು. ಇವನು ಹಿರಿಹಿರಿ ಹಿಗ್ಗಿ, ಜಡೆಪ್ಪನೂ ನೋಡಲಿ ಎಂದು ಮೇಲ್ಮುಖ ಮಾಡಿಯೇ ಬಿಟ್ಟು ಊಟಕ್ಕೆ ಹೋಗಿದ್ದ.

ಬಹಳ ಹೊತ್ತು ಮಾಮ ಆ ಸುಟ್ಟ ಕುಂಕುಮವನ್ನು ಉಗುರಿನಿಂದ ಕೆರೆಯುತ್ತ ನಿಂತ. ಮೂವತ್ತು ವರ್ಷ ತನ್ನದೊಂದೇ ಕೈ ಎಂದುಕೊಂಡಿದ್ದವನಿಗೆ ಪಕ್ಕದಲ್ಲಿ ಇನ್ನೊಂದು ಕೈ ಇತ್ತೆಂದು ತಿಳಿದರೆ ಏನಾಗಬೇಡ? ನನಗೆ ಅವನನ್ನು ನೋಡಿ ಪಾಪ ಅನಿಸಿತು, ನಗುವೂ ಬಂತು. ನಗುವನ್ನು ನುಂಗಿಕೊಂಡೆ. ಆಮೇಲೆ ಅವನು ಮೊಳೆಯಿಂದ ಬೆಲ್ಟ್ ತೆಗೆದು ಲೇತಿಗೆ ಹಾಕಿ, ನೋಡುತ್ತ ನಿಂತಿದ್ದ ನಮಗೆಲ್ಲ ಕೆಲಸವಿಲ್ಲವೇ ಎಂದು ಬೈದ. ನಮಗೆ ಜೀವ ಬಂತು.

ಸಂಜೆ ಹೊತ್ತಿಗೆ ಚಕ್ರ ಮತ್ತೆ ಹೊಳೆಯಿತು. ಮಾಮ ಧೋತರ ಹಾಸಿ ಅದನ್ನು ಮಕಾಡೆ ಮಲಗಿಸಿದ, ಸುತ್ತಲಿಲ್ಲ. ಒಳಗಿನವರಿಗೆ ಕೇಳುವಂತೆ ಕೆಮ್ಮಿದ. ದುರುಗವ್ವ ಬರಲಿಲ್ಲ. ಇನ್ನೊಮ್ಮೆ ಕೆಮ್ಮಿದ. ಕೊನೆಗೆ ನಮ್ಮೆಲ್ಲರ ಎದುರೇ ಕರೆದ.

"ಏ ಇವಳಾ, ಬಟ್ಟಲು ತಗಂಡು ಬಾ. ನೀ ಹಚ್ಚೋ ತನಕ ನಾ ಗಂಟು ಕಟ್ಟಂಗಿಲ್ಲ."