ನಾಲ್ಕೂವರೆ ಚಿಲ್ಲರೆ ಸುತ್ತು

ಬಡಗಿಗಳು ಪೆನ್ಸಿಲ್ ಸಿಕ್ಕಿಸಿಕೊಳ್ಳುವ ಜಾಗದಲ್ಲಿ ನಮ್ಮ ಮೇಸ್ತ್ರಿ ಸೀಮೆಸುಣ್ಣ ಇಟ್ಟುಕೊಳ್ಳುತ್ತಿದ್ದರು. ಗ್ರೀಸಿನಿಂದ ಕಪ್ಪಾದ ಕಿವಿಯ ಹಿಂದೆ ಬೆಳ್ಳಗೊಂದು ಗೆರೆ. ಹಬ್ಬದ ದಿನ ಸ್ನಾನ ಮಾಡಿ ಬಂದರೂ ಆ ಗೆರೆ ಇರುತ್ತಿತ್ತು.

ನಜರ್‌ಬಾದಿನಲ್ಲಿ ಅವರ ಶೆಡ್ಡು. ಹಳೆಯ ಕಾರುಗಳನ್ನು ಬಿಟ್ಟು ಬೇರೆಯದನ್ನು ಮುಟ್ಟುತ್ತಿರಲಿಲ್ಲ. ಹಿಂದಿನ ಆಕ್ಸಲ್ಲಿನೊಳಗೆ ಯಾವ ಗೇರು ಕೂತಿದೆ ಎಂದು ತಿಳಿಯಬೇಕಾದರೆ ಅವರು ಪುಸ್ತಕ ನೋಡುತ್ತಿರಲಿಲ್ಲ, ಮೇಲೆ ಕೊರೆದ ನಂಬರನ್ನೂ ನಂಬುತ್ತಿರಲಿಲ್ಲ. ಹಿಂದಿನ ಎರಡು ಚಕ್ರಗಳನ್ನೂ ನೆಲದಿಂದ ಎತ್ತಿ, ಒಂದನ್ನು ಅಲುಗದಂತೆ ಹಿಡಿಸಿ, ಇನ್ನೊಂದನ್ನು ಸರಿಯಾಗಿ ಎರಡು ಸುತ್ತು ತಿರುಗಿಸುತ್ತಿದ್ದರು. ಅಷ್ಟರಲ್ಲಿ ಕಾರಿನ ಅಡಿಯ ಉದ್ದನೆಯ ಶಾಫ್ಟು ಎಷ್ಟು ಸುತ್ತಿತೋ ಅದೇ ಗೇರಿನ ಲೆಕ್ಕ. ಚಕ್ರಕ್ಕೊಂದು, ಶಾಫ್ಟಿಗೊಂದು ಸೀಮೆಸುಣ್ಣದ ಗುರುತು. ಆಚೆ ಬದಿಯ ಚಕ್ರವನ್ನು ಕಾರಿನ ಯಜಮಾನನೇ ಹಿಡಿಯಬೇಕು ಎಂಬುದು ಅವರ ಕಟ್ಟಳೆ. ಡಾಕ್ಟರಾಗಲಿ ವಕೀಲರಾಗಲಿ, ಗೋಣಿಚೀಲದ ಮೇಲೆ ಕುಕ್ಕರುಗಾಲಲ್ಲಿ ಕೂರಲೇಬೇಕಿತ್ತು.

ನಮ್ಮಪ್ಪ ಮಾತ್ರ ಕೂತಿರಲಿಲ್ಲ. ನಾನು ಕಾಲೇಜಿನಲ್ಲಿದ್ದಾಗ ಅಪ್ಪ ತಮ್ಮ ಅಣ್ಣನಿಂದ, ಅಂದರೆ ನನ್ನ ದೊಡ್ಡಪ್ಪನಿಂದ, ಒಂದು ಹಳೆಯ ಕಾರು ಕೊಂಡಿದ್ದರು. ಸಪಾಟು ರಸ್ತೆಯಲ್ಲೂ ಅದು ಹಿಂದಿನಿಂದ ಗೋಳಿಡುತ್ತಿತ್ತು. ದೊಡ್ಡಪ್ಪ ಒಳ್ಳೆಯ ಆಕ್ಸಲ್ ಕಳಚಿ ಮಾರಿಕೊಂಡು, ಯಾವುದೋ ಟ್ಯಾಕ್ಸಿಯದನ್ನು ತುರುಕಿದ್ದಾರೆ ಎಂದು ಯಾರೋ ಕಿವಿ ಊದಿದರು. ಅಪ್ಪ ಕಾರನ್ನು ಮೇಸ್ತ್ರಿಯ ಹತ್ತಿರ ಒಯ್ದರು. ಐದು ಚಿಲ್ಲರೆ ಸುತ್ತು ಬಂತು. ಈ ಕಾರಿಗೆ ಬರಬೇಕಾದದ್ದು ನಾಲ್ಕೂವರೆ ಚಿಲ್ಲರೆ. ಅಪ್ಪ ಅಣ್ಣನನ್ನು ಒಂದು ಮಾತೂ ಕೇಳಲಿಲ್ಲ. ಲಕ್ಷ್ಮೀಪುರಂನ ನಮ್ಮ ಮನೆಗೂ ರಾಮಕೃಷ್ಣನಗರದ ಅವರ ಮನೆಗೂ ಹೋಗಿಬರುವುದು ನಿಂತಿತು. ಅಪ್ಪ ತೀರಿಕೊಂಡಾಗ ದೊಡ್ಡಪ್ಪ ಬಂದು, ಗೇಟಿನ ಬಳಿ ಸ್ವಲ್ಪ ಹೊತ್ತು ನಿಂತು ಹೋದರು.

ನಾಲ್ಕು ವರ್ಷದ ಹಿಂದೆ ಆ ಕಾರನ್ನು ಮತ್ತೆ ಓಡಿಸೋಣವೆಂದು ನಾನೇ ಮೇಸ್ತ್ರಿಯ ಶೆಡ್ಡಿಗೆ ಎಳೆಸಿಕೊಂಡು ಹೋದೆ. ಚಕ್ರ ಹಿಡಿಯಲು ನನ್ನನ್ನು ಕೂರಿಸಿದರು. ಅವರು ತಿರುಗಿಸಿದರು, ಎಣಿಸಿದರು, ಮತ್ತೊಮ್ಮೆ ತಿರುಗಿಸಿದರು. ಆಮೇಲೆ ಎಣ್ಣೆ ಇಳಿಸಿ ಆಕ್ಸಲ್ ಬಿಚ್ಚಿದರು. ದೊಡ್ಡ ಗೇರಿನಲ್ಲಿ ನಲವತ್ತೊಂದು ಹಲ್ಲು, ಚಿಕ್ಕದರಲ್ಲಿ ಒಂಬತ್ತು; ಭಾಗಿಸಿದರೆ ಅದೇ ನಾಲ್ಕೂವರೆ ಚಿಲ್ಲರೆ. ಎರಡರ ಮೇಲೂ ಒಂದೇ ಜೋಡಿ ನಂಬರು. ಕಾರು ಹುಟ್ಟಿದಾಗಿನಿಂದ ಇದ್ದ ಗೇರುಗಳೇ ಅವು. ಗೋಳಿಡುತ್ತಿದ್ದದ್ದು ಸವೆದುಹೋದ ಒಂದು ಬೇರಿಂಗು, ಅಷ್ಟೇ.

"ಅವತ್ತು ನಿಮ್ಮ ತಂದೆಯವರು ಬಿಳಿ ಪಂಚೆ ಉಟ್ಟಿದ್ರು ಕಣಮ್ಮ," ಎಂದರು ಮೇಸ್ತ್ರಿ. "ಚಕ್ರ ಹಿಡೀರಿ ಅನ್ನೋಕೆ ಸಂಕೋಚ ಆಗಿ ಇಟ್ಟಿಗೆ ಒತ್ತು ಕೊಟ್ಬುಟ್ಟೆ. ಇಟ್ಟಿಗೆ ಜಾರಿ ಆ ಚಕ್ರಾನೂ ಕಾಲು ಸುತ್ತು ಜೊತೆಗೇ ತಿರುಗಿರ್ಬೇಕು. ತಪ್ಪು ನಂದು."

ದಾಕ್ಷಿಣ್ಯಕ್ಕೆ ಬಸುರಾದ ಹಾಗೆ ಎನ್ನುತ್ತಾರಲ್ಲ, ಹೆರಿಗೆ ಮಾತ್ರ ನಮ್ಮ ಮನೆಯಲ್ಲಾಯಿತು. ನನಗೆ ಅವರ ಮೇಲೆ ಸಿಟ್ಟು ಬಂತು. ಈಗಲೂ ಪೂರ್ತಿ ಹೋಗಿದೆ ಎಂದು ಹೇಳಲಾರೆ. ಆದರೆ ಬೇರಿಂಗ್ ಬದಲಾಯಿಸಿ ಕಳಿಸಿದ್ದರೆ ಈ ವಿಷಯ ಯಾರಿಗೂ ತಿಳಿಯುತ್ತಿರಲಿಲ್ಲ ಎಂಬುದೂ ನನಗೆ ಗೊತ್ತು.

ಮರುದಿನ ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಎರಡು ಗೇರನ್ನೂ ಪೇಪರಿನಲ್ಲಿ ಸುತ್ತಿ ಕೈಚೀಲದಲ್ಲಿಟ್ಟುಕೊಂಡು, ನನ್ನನ್ನು ಕರೆದುಕೊಂಡು ದೊಡ್ಡಪ್ಪನ ಮನೆಗೆ ಹೊರಟರು. ಟೀಪಾಯಿಯ ಮೇಲೆ ಗೇರುಗಳನ್ನಿಟ್ಟು, ನಡೆದದ್ದನ್ನು ನಿಂತುಕೊಂಡೇ ಹೇಳಿದರು. ದೊಡ್ಡಪ್ಪ ಕನ್ನಡಕ ಹಾಕಿಕೊಂಡು ಬೆರಳಿಟ್ಟು ಹಲ್ಲುಗಳನ್ನು ಎಣಿಸಿದರು. ನಡುವೆ ತಪ್ಪಿ, ಮತ್ತೆ ಮೊದಲಿನಿಂದ ಎಣಿಸಿದರು.

"ಅವನು ಒಂದ್ಸಲ ಬಂದು ನನ್ನ ಕೇಳಿದ್ರೆ ಆಗ್ತಿತ್ತು ಕಣಮ್ಮ," ಎಂದರು ನನ್ನ ಕಡೆ ನೋಡಿ. ಮೇಸ್ತ್ರಿ ತಲೆ ತಗ್ಗಿಸಿಕೊಂಡೇ ಇದ್ದರು. ದೊಡ್ಡಪ್ಪ ಒಳಗೆ ತಿರುಗಿ ಮೂರು ಲೋಟ ಕಾಫಿಗೆ ಹೇಳಿದರು.

ಗೇರುಗಳನ್ನು ಮತ್ತೆ ಕೂರಿಸುವ ದಿನ ದೊಡ್ಡಪ್ಪ ಹೇಳದೆ ಕೇಳದೆ ಶೆಡ್ಡಿಗೆ ಬಂದರು. ಅವರೂ ಬಿಳಿ ಪಂಚೆಯಲ್ಲೇ ಇದ್ದರು. ಮೇಸ್ತ್ರಿ ಒಂದು ಕ್ಷಣ ಪಂಚೆಯನ್ನು ನೋಡಿದರು, ಆಮೇಲೆ ಗೋಣಿಚೀಲ ಹಾಸಿದರು.

"ಆ ಕಡೆ ಚಕ್ರ ಹಿಡೀಬೇಕು ಸ್ವಾಮಿ. ಗಟ್ಟಿಯಾಗಿ."

ದೊಡ್ಡಪ್ಪ ಎರಡೂ ಕೈಯಲ್ಲಿ ಹಿಡಿದು, ಮೊಣಕಾಲನ್ನೂ ಒತ್ತಿ ಕೂತರು. ನಾಲ್ಕೂವರೆ ಚಿಲ್ಲರೆ ಬಂತು.

ಮೇಸ್ತ್ರಿ ಹೋದ ವರ್ಷ ತೀರಿಕೊಂಡರು. ಸುದ್ದಿ ತಿಳಿದು ನಾನು ದೊಡ್ಡಪ್ಪನನ್ನು ಕರೆದೊಯ್ಯಲು ಅದೇ ಕಾರಿನಲ್ಲಿ ಹೋದೆ. ಅವರು ಆಗಲೇ ಗೇಟಿನ ಬಳಿ ನಿಂತಿದ್ದರು. ಎಷ್ಟು ಒಗೆದರೂ ಹೋಗದ ಗ್ರೀಸಿನ ಕಲೆಯಿದ್ದ ಆ ಪಂಚೆಯನ್ನೇ ಉಟ್ಟಿದ್ದರು.