ಸುಶೀಲಾ ಟೀಚರ್ ಬೈದ ಚೀನೀ ಧಾರಾವಾಹಿ

ಸುಶೀಲಾ ಟೀಚರ್ ಟಿವಿಗೆ ಅಡ್ಡಲಾಗಿ ಕೂರುತ್ತಿದ್ದರು. ಕುರ್ಚಿಯ ಮುಖ ಕಿಟಕಿಯ ಕಡೆಗೆ, ಅವರ ಎಡಗೆನ್ನೆ ಟಿವಿಯ ಕಡೆಗೆ. ಮೊದಲ ಸಲ ನೋಡಿದವರಿಗೆ ಅವರೂ ಟಿವಿಯೂ ಬೆಳಿಗ್ಗೆ ಜಗಳವಾಡಿ ಮಾತು ಬಿಟ್ಟಿದ್ದಾರೇನೋ ಅನ್ನಿಸಬೇಕು. ವಿಷಯ ಇಷ್ಟೇ. ವಯಸ್ಸಾದಂತೆ ಅವರ ಎರಡೂ ಕಣ್ಣುಗಳ ನಡುಭಾಗದ ದೃಷ್ಟಿ ಹೋಗಿತ್ತು. ನೇರವಾಗಿ ನೋಡಿದರೆ ಬೂದುಬಣ್ಣದ ಮಚ್ಚೆ, ಓರೆಯಲ್ಲಿ ನೋಡಿದರೆ ಒಂದಿಷ್ಟು ಬಣ್ಣ, ಆಕಾರ, ಓಡಾಟ. "ಹುಡುಗ್ರಿಗೆಲ್ಲ ನೆಟ್ಟಗೆ ನೋಡ್ರೋ ಅಂತ ಗದರಿಸ್ಕೊಂಡೇ ಬಂದೆ. ಈಗ ನಾನೇ ಕಳ್ಳಿ ಥರ ಓರೆಗಣ್ಣಲ್ಲಿ ನೋಡೋ ಹಾಗಾಯ್ತು" ಎಂದು ತಮ್ಮನ್ನೇ ಗೇಲಿ ಮಾಡಿಕೊಳ್ಳುತ್ತಿದ್ದರು.

ನೈರೋಬಿಯ ಸೌತ್ ಬಿ ಬಡಾವಣೆಯಲ್ಲಿ ಅವರ ಮನೆ ಎರಡನೇ ಮಹಡಿ, ನನ್ನದು ಅದರ ಮೇಲಿನದು. ಟೀಚರ್ ಮೈಸೂರಿನವರು. ಡಾಕ್ಟರ್ ಗಂಡನ ಜೊತೆ ಬಂದು, ಇಲ್ಲಿನ ಶಾಲೆಯೊಂದರಲ್ಲಿ ಕೆಮಿಸ್ಟ್ರಿ ಕಲಿಸಿ ನಿವೃತ್ತರಾಗಿ, ಗಂಡ ತೀರಿಕೊಂಡ ಮೇಲೂ ಇಲ್ಲೇ ಉಳಿದಿದ್ದರು. ನಾನು ಕುಡಿಯುವ ನೀರಿನ ಯೋಜನೆಯೊಂದರಲ್ಲಿ ಕೆಲಸಕ್ಕೆಂದು ಬಂದವನು. ಮಗಳ ಓದಿಗಾಗಿ ಹೆಂಡತಿ ಬೆಂಗಳೂರಿಗೆ ಮರಳಿದ ಮೇಲೆ ನನ್ನ ಮನೆಯಲ್ಲಿ ಸದ್ದು ಮಾಡುವುದು ಅಂದರೆ ಕುಕ್ಕರ್ ಒಂದೇ. ಕನ್ನಡಿಗರ ರಾಜ್ಯೋತ್ಸವದ ಊಟದ ಸಾಲಿನಲ್ಲಿ ನಾನು ಯಾರೊಡನೆಯೋ ಮಾತಾಡುತ್ತಿದ್ದಾಗ ಟೀಚರ್ ಹಿಂದಿನಿಂದ, "ಮೆಟ್ಟಿಲ ಮೇಲೆ ನಿಂತ್ಕೊಂಡು ಫೋನಲ್ಲಿ ಹೆಂಡ್ತಿ ಹತ್ರ ಜಗಳ ಆಡೋನು ನೀನೇ ತಾನೆ?" ಎಂದರು. ನಾನೇ ಆಗಿದ್ದೆ. ಮುಖ ಕಾಣದಿದ್ದರೂ ಧ್ವನಿಯಿಂದಲೇ ಹಿಡಿದಿದ್ದರು. "ಶನಿವಾರ ಸಾಯಂಕಾಲ ಕಾಫಿಗೆ ಬಾ ಸುರೇಶ. ನಿನ್ನಿಂದ ಒಂದು ಕೆಲ್ಸ ಆಗ್ಬೇಕು" ಎಂದರು.

ಆ ಕೆಲಸವೇ ಇಲ್ಲಿನ ಟಿವಿಯಲ್ಲಿ ಶನಿವಾರ ಬರುತ್ತಿದ್ದ ಒಂದು ಚೀನೀ ಧಾರಾವಾಹಿ. ಮಾದಕ ವಸ್ತು ಸಾಗಿಸುವವರ ಬೆನ್ನುಹತ್ತಿದ ಪೊಲೀಸರ ಕತೆ. ಮಾತೆಲ್ಲ ಚೀನೀ ಭಾಷೆಯಲ್ಲಿ, ಕೆಳಗೆ ಸಾಸಿವೆ ಕಾಳಿನಷ್ಟು ಸಣ್ಣ ಇಂಗ್ಲಿಷ್ ಅಕ್ಷರ. ಮನೆಗೆಲಸದ ಗ್ರೇಸ್ ಓದಿ ಹೇಳಬಹುದಿತ್ತು, ಆದರೆ ಅವಳು ಶನಿವಾರ ಮಧ್ಯಾಹ್ನವೇ ಮಟಾಟು ವ್ಯಾನ್ ಹಿಡಿದು ಕಸರಾನಿಯ ತನ್ನ ಮನೆಗೆ ಹೋಗಿಬಿಡುತ್ತಿದ್ದಳು. ಹಾಗಾಗಿ ಆ ಅಕ್ಷರಗಳನ್ನು ಓದಿ, ಅಲ್ಲಲ್ಲೇ ಕನ್ನಡ ಮಾಡಿ ಹೇಳುವುದು ನನ್ನ ಪಾಲಿಗೆ ಬಂತು.

ಮೊದಲ ದಿನ ನಾನು ಗಂಟಲು ಸರಿಮಾಡಿಕೊಂಡು, "ನಿಲ್ಲು! ಕಾನೂನಿನ ಕೈಯಿಂದ ನೀನು ತಪ್ಪಿಸಿಕೊಳ್ಳಲಾರೆ" ಎಂದೆ. ಟೀಚರ್ ಲೋಟ ಕೆಳಗಿಟ್ಟರು. "ಯಾವ ಪೊಲೀಸಪ್ಪಾ ಹಂಗೆ ಮಾತಾಡ್ತಾನೆ? ನಾಟಕದ ಹರಿಶ್ಚಂದ್ರನಾ? ನಮ್ಮೂರ ಪೊಲೀಸ್ನೋರ ಥರ ಹೇಳು." ಅಂದಿನಿಂದ ಆ ಚೀನೀ ಇನ್ಸ್‌ಪೆಕ್ಟರು "ಏಯ್, ನಿಂತ್ಕಳ್ಲಾ" ಎನ್ನತೊಡಗಿದ. ಕಳ್ಳರ ಮುಖಂಡನಿಗೆ ನಾನು ನಮ್ಮ ಆಫೀಸಿನ ಬಾಸಿನ ಧಾಟಿ ಕೊಟ್ಟೆ. ಅದು ಟೀಚರಿಗೆ ಬಹಳ ಇಷ್ಟವಾಯಿತು.

ಧಾರಾವಾಹಿ ಮಾತ್ರ ಶುದ್ಧ ಕಳಪೆ. ಇನ್ಸ್‌ಪೆಕ್ಟರು ಪ್ರತಿಯೊಬ್ಬ ಕಳ್ಳನನ್ನು ಹಿಡಿಯುವ ಮುಂಚೆ ದೇಶ, ಕರ್ತವ್ಯ, ಯುವಜನತೆ ಎಂದು ಭಾಷಣ ಬಿಗಿಯುತ್ತಿದ್ದ. "ಇವನ ಭಾಷಣ ಮುಗಿಯೋಷ್ಟರಲ್ಲಿ ಕಳ್ಳ ಥಿಕಾ ರೋಡು ದಾಟಿರ್ತಾನೆ" ಎಂದು ಟೀಚರ್ ಹೇಳಿ, ಒಂದು ಕ್ಷಣ ಬಿಟ್ಟು, "ಇಲ್ಲ ಬಿಡು, ಅಲ್ಲಿ ಜಾಮಲ್ಲಿ ಸಿಕ್ಕಾಕ್ಕೊಂಡಿರ್ತಾನೆ" ಎಂದು ತಿದ್ದುತ್ತಿದ್ದರು. ಗೋದಾಮೇ ಸಿಡಿದು ಹಾರಿದರೂ ಪೊಲೀಸರ ಕ್ರಾಪು ಕದಲುತ್ತಿರಲಿಲ್ಲ. ಕಳ್ಳರ ಪ್ರಯೋಗಶಾಲೆ ಬಂದರಂತೂ ಟೀಚರಿಗೆ ಮೈಮೇಲೆ ಬರುತ್ತಿತ್ತು. "ಏನು ಕುದೀತಿದೆ? ಯಾವ ಬಣ್ಣ?" ಎನ್ನುವರು. ನೀಲಿ ಎಂದರೆ ಮುಗಿಯಿತು. "ಯಾವಾಗ್ ನೋಡಿದ್ರೂ ನೀಲಿ! ಸೀರಿಯಲ್ನೋರಿಗೆ ಕೆಮಿಸ್ಟ್ರಿ ಅಂದ್ರೆ ನೀಲಿ ನೀರು, ಬಿಳೀ ಹೊಗೆ. ಇವರಿಗೆ ಪಾಠ ಹೇಳಿದ ಮೇಷ್ಟ್ರನ್ನ ಮೊದ್ಲು ಅರೆಸ್ಟ್ ಮಾಡ್ಬೇಕು." ಬೈಗುಳ ಮುಗಿದ ಮೇಲೆ ಹುರಿಗಡಲೆಯ ಡಬ್ಬಿ ನನ್ನ ಕಡೆ ತಳ್ಳುತ್ತಿದ್ದರು. ಹೊರಗೆ ಸಂಜೆ ಇಳಿಯುತ್ತಿರುತ್ತಿತ್ತು. ಆ ವಾರದಲ್ಲಿ ನಾನು ನಕ್ಕದ್ದು ಅಷ್ಟೇ ಹೊತ್ತು ಎಂಬುದು ಮನೆಗೆ ಹೋಗಿ ಬಾಗಿಲು ಹಾಕಿಕೊಂಡಾಗ ಗೊತ್ತಾಗುತ್ತಿತ್ತು.

"ಇಷ್ಟು ಬೈಯ್ಯೋ ಬದ್ಲು ಬೇರೆ ಯಾವುದಾದ್ರೂ ಹಾಕ್ಲಾ ಟೀಚರ್?" ಎಂದು ಒಮ್ಮೆ ಕೇಳಿದೆ.

"ಸುಮ್ನಿರು. ಆ ಹುಡುಗ ಏನಾದ ಅಂತ ಗೊತ್ತಾಗ್ಬೇಕು."

ಯಾವ ಹುಡುಗ ಎಂದು ನೆನಪಿಸಿಕೊಳ್ಳಲು ನನಗೆ ಹೊತ್ತು ಹಿಡಿಯಿತು. ಧಾರಾವಾಹಿಯ ಶುರುವಿನಲ್ಲಿ ಸೇತುವೆಯ ಕೆಳಗೆ ಬಿದ್ದಿದ್ದ ಒಬ್ಬ ವ್ಯಸನಿ ಹುಡುಗನನ್ನು ಪೊಲೀಸರು ಎತ್ತಿ ಚಿಕಿತ್ಸಾ ಕೇಂದ್ರಕ್ಕೆ ಸೇರಿಸಿದ್ದರು. ಅಲ್ಲಿನ ಗೇಟಿನಲ್ಲಿ ಅವನು ಒಡಕು ಧ್ವನಿಯಲ್ಲಿ, "ನಾನು ಮನೆಗೆ ಹೋಗ್ಬಹುದಾ?" ಎಂದು ಕೇಳಿದ್ದ. ಅಷ್ಟೇ. ಆಮೇಲೆ ಕತೆ ದೋಣಿ, ಬಂದೂಕು, ನೀಲಿ ನೀರು ಎಂದು ಎಲ್ಲಿಗೋ ಹೋಯಿತು. ಅವನನ್ನು ಕತೆ ಬರೆದವರೇ ಮರೆತಿದ್ದರು. ಟೀಚರ್ ಮರೆತಿರಲಿಲ್ಲ. ಪ್ರತಿ ಶನಿವಾರ ಕಂತು ಮುಗಿದ ಕೂಡಲೇ, "ಅವನು ಬರ್ಲಿಲ್ಲ ಅಲ್ವಾ?" ಎಂದು ಕೇಳುತ್ತಿದ್ದರು. ವಯಸ್ಸಾದವರ ಹಠ ಎಂದುಕೊಂಡಿದ್ದೆ.

ಒಂದು ಭಾನುವಾರ ತರಕಾರಿ ಚೀಲ ಹಿಡಿದುಕೊಂಡು ಅವರ ಜೊತೆ ಹೊರಟೆ. ನಮ್ಮ ಗೇಟಿನ ಪಕ್ಕದಲ್ಲೇ ತರಕಾರಿ ಸಿಗುತ್ತದೆ. ಆದರೆ ಟೀಚರ್ ನನ್ನ ಮೊಣಕೈ ಹಿಡಿದು, ಬಿಸಿಲಿನಲ್ಲಿ, ಬಡಾವಣೆಯ ಆ ತುದಿಯ ಪೆಟ್ಟಿಗೆ ಅಂಗಡಿಯವರೆಗೆ ನಡೆಸಿದರು. ಅಲ್ಲಿದ್ದ ಹೆಂಗಸು ದೂರದಿಂದಲೇ ಎದ್ದು ನಿಂತು, "ಮಮಾ ಅರುಣ್! ಹಬಾರಿ?" ಎಂದು ಕೂಗಿ ಕ್ಷೇಮ ವಿಚಾರಿಸಿದಳು. ಈ ದೇಶದಲ್ಲಿ ತಾಯಿಯಾದವಳನ್ನು ಅವಳ ಹೆಸರಿನಿಂದ ಕರೆಯುವುದಿಲ್ಲ, ಮಗುವಿನ ಹೆಸರಿನಿಂದ ಕರೆಯುತ್ತಾರೆ. ಅಂದರೆ ಟೀಚರಿಗೆ ಅರುಣ್ ಎಂಬ ಮಗನಿದ್ದಾನೆ. ಅಷ್ಟು ವರ್ಷಗಳ ಕನ್ನಡ ಕೂಟಗಳಲ್ಲಿ ಯಾರೊಬ್ಬರ ಬಾಯಲ್ಲೂ ಆ ಹೆಸರು ನಾನು ಕೇಳಿರಲಿಲ್ಲ.

ವಾಪಸ್ ಬರುವಾಗ ಅರುಣ್ ಯಾರು ಎಂದು ಕೇಳಿದೆ. ಟೀಚರ್ ನಡಿಗೆ ನಿಲ್ಲಿಸಲಿಲ್ಲ.

"ಮಗ. ಕನ್ನಡ ಎಲ್ಲಾ ಅರ್ಥ ಆಗೋದು, ಉತ್ತರ ಮಾತ್ರ ಇಂಗ್ಲಿಷಲ್ಲಿ. ಮೊಂಬಾಸಾದಲ್ಲಿ ಹೋಟೆಲ್ ಕೆಲ್ಸ ಅಂತ ಹೋದ. ಬರುವಾಗ ಕಡ್ಡಿ ಆಗಿದ್ದ. ಮನೇಲಿ ಒಂದೊಂದೇ ಸಾಮಾನು ಮಾಯ ಆಗೋಕೆ ಶುರುವಾಯ್ತು. ನಾನೇ ಕರ್ಕೊಂಡು ಹೋಗಿ ಸೆಂಟರಿಗೆ ಸೇರಿಸ್ದೆ. ಗೇಟಲ್ಲಿ ನಿಂತು, 'ಕ್ಯಾನ್ ಐ ಕಮ್ ಹೋಮ್, ಅಮ್ಮಾ?' ಅಂದ. ವಾಸಿ ಆದ್ಮೇಲೆ ಬಾ ಅಂದೆ. ಅಲ್ಲಿಂದ ಹೊರಟೋದೋನು ಎಲ್ಲಿದಾನೆ ಅಂತ ಇವತ್ತಿಗೂ ಗೊತ್ತಿಲ್ಲ."

ನಾನು ನಡಿಗೆ ನಿಧಾನ ಮಾಡಿದೆ. ಅವರೇ ಮುಂದುವರಿಸಿದರು. "ನನಗೆ ನೋವಾಗ್ಬಾರ್ದು ಅಂತ ನಮ್ಮೋರು ಅವನ ಹೆಸ್ರೇ ಎತ್ತಲ್ಲ. ಎತ್ತದೇ ಎತ್ತದೇ ಅವನು ಹುಟ್ಟೇ ಇಲ್ವೇನೋ ಅನ್ನೋ ಹಾಗ್ ಮಾಡ್ಬಿಟ್ರು. ಇವಳು ನೋಡು. ಪುಟ್ಟೋನಿದ್ದಾಗ ಅವಳ ಅಂಗಡೀಲಿ ಟೊಮೇಟೊ ಕದ್ದು ಸಿಕ್ಕಿಬಿದ್ದಿದ್ದ. ಇವತ್ತಿಗೂ ಬಾಯ್ತುಂಬ ಕರೀತಾಳೆ. ಅದಕ್ಕೇ ಇಷ್ಟು ದೂರ ಬರೋದು ಕಣೋ. ಅವಳ ಸುಕುಮಾ ಸೊಪ್ಪು ಯಾವಾಗ್ಲೂ ಬಾಡಿರತ್ತೆ."

ಮೈಸೂರಿನಲ್ಲಿದ್ದ ತಂಗಿ ಫೋನ್ ಮಾಡಿದಾಗೆಲ್ಲ ಬಂದುಬಿಡು ಎಂದು ಗೋಗರೆಯುತ್ತಿದ್ದರು. ಕಣ್ಣು ಇನ್ನಷ್ಟು ಮಂಜಾಗುತ್ತಿತ್ತು, ಒಂಟಿಯಾಗಿರುವುದು ಕಷ್ಟವಾಗಿತ್ತು. "ಅವನಿಗೆ ಗೊತ್ತಿರೋ ಬಾಗಿಲು ಇದೊಂದೇ" ಎಂದು ಟೀಚರ್ ಮುಂದೂಡುತ್ತಲೇ ಬಂದರು. ಕೊನೆಗೆ ತಂಗಿಗೆ ಒಂದು ಗಡುವು ಕೊಟ್ಟರು. "ಈ ದರಿದ್ರ ಸೀರಿಯಲ್ ಮುಗೀಲಿ. ಆಮೇಲೆ ಹೇಳ್ತೀನಿ." ತಂಗಿ ನಕ್ಕರಂತೆ. ನನಗೆ ನಗು ಬರಲಿಲ್ಲ.

ಕೊನೆಯ ಕಂತಿನ ಶನಿವಾರ ಟೀಚರ್ ನೀಟಾಗಿ ತಲೆ ಬಾಚಿ, ಒಗೆದ ಸೀರೆಯುಟ್ಟು ಕೂತಿದ್ದರು. ಕಳ್ಳರ ಮುಖಂಡ ಸಿಕ್ಕಿಬಿದ್ದ. ಇನ್ಸ್‌ಪೆಕ್ಟರಿಗೆ ಪದಕ ಬಂತು, ಅದಕ್ಕೂ ಭಾಷಣವಾಯಿತು. ಅಂದು ಟೀಚರ್ ಬೈಯಲಿಲ್ಲ. ಕೈಯಲ್ಲಿದ್ದ ಕಾಫಿ ಆರುತ್ತಿತ್ತು. ಕಟ್ಟಕಡೆಗೆ ಇನ್ಸ್‌ಪೆಕ್ಟರು ಮಾರ್ಕೆಟ್ಟಿನಲ್ಲಿ ಒಬ್ಬನೇ ನಡೆದು ಹೋಗುತ್ತಾನೆ. ನೂಡಲ್ಸ್ ಅಂಗಡಿಯ ಯುವಕನೊಬ್ಬ ಬಟ್ಟಲು ಕೊಟ್ಟು, ಬಿಸಿ ಇದೆ, ಹುಷಾರು ಎನ್ನುತ್ತಾನೆ. ಆ ಹುಡುಗ ಬರಲಿಲ್ಲ, ಇನ್ನು ಬರುವುದೂ ಇಲ್ಲ ಎಂದು ನನಗೆ ಗೊತ್ತಾಗಿಹೋಯಿತು.

"ಟೀಚರ್, ಅವನೇ!" ಎಂದುಬಿಟ್ಟೆ. "ಆ ಹುಡುಗ. ಪೂರ್ತಿ ವಾಸಿಯಾಗಿದಾನೆ. ನೂಡಲ್ಸ್ ಅಂಗಡಿ ಇಟ್ಟಿದಾನೆ."

ಟೀಚರ್ ಕುರ್ಚಿ ತಿರುಗಿಸಿ ನೇರ ನನ್ನ ಕಡೆ ಮುಖ ಮಾಡಿದರು. ಹಾಗೆ ಮಾಡಿದರೆ ನಾನು ಅವರಿಗೆ ಕಾಣುತ್ತಿರಲಿಲ್ಲ.

"ಸುರೇಶ, ಹೋಗಿರೋದು ಕಣ್ಣು. ಕಿವಿ ಅಲ್ಲ. ಇದು ಅವನ ಧ್ವನಿ ಅಲ್ಲ."

ನಾಚಿಕೆಯಿಂದ ಟಿವಿ ಆರಿಸಲು ಎದ್ದೆ.

"ಕೂತ್ಕೋ" ಎಂದರು. "ಮುಂದೆ ಹೇಳು. ಅಂಗಡಿಗೆ ಅವರಮ್ಮ ಬರ್ತಾಳಂತಾ?"

ಪರದೆಯ ಮೇಲೆ ಆಗಲೇ ಕಲಾವಿದರ ಹೆಸರುಗಳು ಓಡುತ್ತಿದ್ದವು. ನಾನು ಆ ಹೆಸರುಗಳನ್ನೇ ನೋಡುತ್ತಾ ಹೇಳಿದೆ. "ಬರ್ತಾರಂತೆ. ದಿನಾ ಸಾಯಂಕಾಲ. ಗಲ್ಲಾ ಮೇಲೆ ಅವರೇ ಕೂರೋದಂತೆ. ಉಪ್ಪು ಜಾಸ್ತಿ ಹಾಕ್ತೀಯ ಅಂತ ಅವನಿಗೆ ಬೈತಾರಂತೆ."

"ಬೈಲಿ" ಎಂದರು ಟೀಚರ್. "ಬೈಸ್ಕೊಳ್ಳೋಕೆ ಎದುರಿಗೆ ಇದಾನಲ್ಲ."

ಆಮೇಲೆ ಜಾಹೀರಾತು ಬಂತು. ಇಬ್ಬರೂ ಅದನ್ನೂ ಕೇಳುತ್ತಾ ಕೂತಿದ್ದೆವು. ಏಳುವಾಗ ನನ್ನ ಕೈ ಹುಡುಕಿ ಹಿಡಿದು, "ತಂಗಿಗೆ ಫೋನ್ ಹಚ್ಚಿಕೊಡು" ಎಂದರು.

ತಂಗಿಯ ಮಗ ಬಂದು ಕರೆದುಕೊಂಡು ಹೋದ. ಹೊರಡುವ ದಿನ ಟೀಚರ್ ಗೇಟು ಕಾಯುವ ಅಸ್ಕಾರಿಯ ಎದುರಿಗೇ ನನಗೆ ಹೇಳಿದರು. "ಅವನು ಬಂದ್ರೆ ನಿನ್ನ ಬಾಗಿಲು ತೋರ್ಸು ಅಂತ ಇವನಿಗೆ ಹೇಳಿದೀನಿ. ಮೊದ್ಲು ಊಟ ಹಾಕು. ಪ್ರಶ್ನೆ ಕೇಳ್ಬೇಡ." ಕಾರು ಹೊರಟಾಗ ಅವರು ಕಿಟಕಿಗೆ ಎಡಗೆನ್ನೆ ಕೊಟ್ಟು ಕೂತಿದ್ದರು. ನಾನೂ ಕಟ್ಟಡವೂ ಓರೆಯಲ್ಲಿ ಒಂದಿಷ್ಟು ಕಂಡಿರಬೇಕು.

ಮುಂದಿನ ರಾಜ್ಯೋತ್ಸವದ ಹೊತ್ತಿಗೆ ಅವರು ಮೈಸೂರಿನಲ್ಲಿ ತೀರಿಕೊಂಡ ಸುದ್ದಿ ಬಂದಿತ್ತು. ಊಟಕ್ಕೆ ಮುಂಚೆ ಎಲ್ಲರೂ ಎದ್ದು ನಿಂತು ಮೌನ ಆಚರಿಸಿದೆವು. ಒಳ್ಳೆಯ ಟೀಚರ್, ನೇರ ಮಾತು, ಕೈರುಚಿ ಎಂದು ನಾಲ್ಕು ಜನ ಮಾತಾಡಿದರು. ಮಗನ ಹೆಸರನ್ನು ಯಾರೂ ಎತ್ತಲಿಲ್ಲ. ನೋವಾಗುವವರು ಇಲ್ಲದಿದ್ದರೂ ಅಭ್ಯಾಸ ಹಾಗೇ ಉಳಿದಿತ್ತು.

ಶನಿವಾರಗಳು ಈಗ ಬಹಳ ಉದ್ದ. ಟಿವಿ ಹಾಕಿದರೆ ಓದಿ ಹೇಳಲು ಯಾರೂ ಇಲ್ಲ ಎಂಬುದೇ ಮೊದಲು ಕಾಣುತ್ತದೆ. ಭಾನುವಾರ ಮಾತ್ರ ಚೀಲ ಹಿಡಿದು ಬಡಾವಣೆಯ ಆ ತುದಿಯವರೆಗೂ ನಡೆದು ಹೋಗುತ್ತೇನೆ. ಬಾಡಿದ ಸುಕುಮಾ ಸೊಪ್ಪನ್ನು ಕಟ್ಟುತ್ತಾ ಅಂಗಡಿಯವಳು ಪ್ರತಿ ವಾರ ಜೋರಾಗಿ, "ಮಮಾ ಅರುಣ್ ಹಜಾಂಬೊ?" ಎಂದು ಕೇಳುತ್ತಾಳೆ. ಚೆನ್ನಾಗಿದ್ದಾರಾ ಎಂದು ಅರ್ಥ.

"ಹಜಾಂಬೊ" ಎನ್ನುತ್ತೇನೆ. ಚೆನ್ನಾಗಿದ್ದಾರೆ. ತೀರಿಕೊಂಡರು ಎಂದರೆ ಮುಂದಿನ ವಾರ ಅವಳು ಕೇಳುವುದಿಲ್ಲ. ಅವಳು ಕೇಳದಿದ್ದರೆ ಈ ಊರಿನಲ್ಲಿ ಅರುಣ್ ಎಂಬ ಹೆಸರನ್ನು ಬಾಯಿಬಿಟ್ಟು ಕರೆಯುವವರು ಯಾರೂ ಇರುವುದಿಲ್ಲ.